ಗುರುಲಿಂಗಯ್ಯನ ನಡುಗಲ್ಲು

ನಮ್ಮ ಊರಿಗೆ ಬರಬೇಕೆಂದರೆ ಇನ್ನೂರಾ ಎಂಬತ್ತಾರು ಕಲ್ಲಿನ ಮೆಟ್ಟಿಲು, ನಮ್ಮ ಮಾತಿನಲ್ಲಿ ಪಾವಟಿಗೆ, ಹತ್ತಬೇಕು. ಚಿಂಚೋಳಿಯಿಂದ ಬರುವ ಟಂಟಂ ಆಟೊ ಗುಡ್ಡದ ಬುಡದ ಬೇವಿನ ಮರದವರೆಗೆ ಬಂದು, ಮಂದಿಯನ್ನು ಇಳಿಸಿ ತಿರುಗಿ ಹೋಗುತ್ತದೆ. ಅಲ್ಲಿಂದ ಮುಂದೆ ಮಂತ್ರಿ ಬಂದರೂ ನಡೆದೇ ಬರಬೇಕು. ಇಲ್ಲಿಯವರೆಗೆ ಯಾವ ಮಂತ್ರಿಯೂ ಬಂದಿಲ್ಲ, ಅದು ಬೇರೆ ಮಾತು.

ಊರಿನ ಹೆಸರು ಮುತ್ತಲಗುಡ್ಡ. ಈಗ ಒಂಬತ್ತು ಮನೆಗಳಲ್ಲಿ ಒಲೆ ಉರಿಯುತ್ತದೆ. ಇಪ್ಪತ್ತೆರಡು ಮಂದಿ ಇದ್ದೇವೆ. ನನ್ನ ಅಬ್ಬಾ ಚಿಕ್ಕವನಿದ್ದಾಗ ಇಪ್ಪತ್ತಾರು ಮನೆಗಳಿದ್ದವಂತೆ. ಮಂದಿ ಒಬ್ಬೊಬ್ಬರಾಗಿ ಇಳಿದು ಹೋದರು. ಕೆಲವರು ವಾಡಿಗೆ, ಕೆಲವರು ಶಹಾಬಾದಿಗೆ, ಹೆಚ್ಚಿನವರು ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಿಗೆ. ಹಾಗಂತ ನಮ್ಮದನ್ನು ಹಾಳೂರು ಅಂದುಕೊಳ್ಳಬಾರದು. ಬೀಗ ಹಾಕಿದ ಮನೆಗಳ ಅಂಗಳದಲ್ಲೂ ಕಸ ಕಾಣುವುದಿಲ್ಲ. ಪಾವಟಿಗೆಗಳಂತೂ ಕೆಳಗಿನ ಯಾವ ಊರಿನ ಸಿಸಿ ರಸ್ತೆಗಿಂತಲೂ ಗಟ್ಟಿ. ಸಿಸಿ ರಸ್ತೆ ಎರಡು ಮಳೆಗಾಲಕ್ಕೆ ಬಾಯಿ ಬಿಡುತ್ತದೆ. ನಮ್ಮ ಪಾವಟಿಗೆಗಳಿಗೆ ನೂರು ವರ್ಷ ದಾಟಿದೆ.

ಅವು ಹಾಗೆ ಉಳಿದಿರುವುದಕ್ಕೆ ಊರಿನ ಒಂದು ಪದ್ಧತಿ ಕಾರಣ. ಪ್ರತಿ ಮನೆಯ ಪಾಲಿಗೆ ಹನ್ನೊಂದು ಪಾವಟಿಗೆ. ಅವನ್ನು ನೋಡಿಕೊಳ್ಳುವುದು ಆ ಮನೆಯವರ ಕೆಲಸ. ಹನ್ನೊಂದರಲ್ಲಿ ಆರನೆಯದಕ್ಕೆ ನಡುಗಲ್ಲು ಅನ್ನುತ್ತೇವೆ. ಅದರ ಎಡಮೂಲೆಯಲ್ಲಿ ಮನೆಯ ಗುರುತು ಕೆತ್ತಿರುತ್ತದೆ. ನಮ್ಮದು ಸುತ್ತಿಗೆ. ದೇವೀಂದ್ರಪ್ಪ ಮುತ್ಯಾನ ಮನೆಯದು ಬಾಚಣಿಗೆ. ಯಾಕೆ ಬಾಚಣಿಗೆ ಎಂದು ಅವನಿಗೂ ಗೊತ್ತಿಲ್ಲ, ಬಾಚಲು ಅವನ ತಲೆಯಲ್ಲಿ ಕೂದಲೂ ಇಲ್ಲ. ಗುರುಲಿಂಗಯ್ಯ ಕಾಕಾನ ಮನೆಯದು ಮೂರೆಲೆಯ ಬಿಲ್ಪತ್ರಿ.

ಊರು ಬಿಡುವವರು ಮತ್ತೆ ಬರುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡರೆ, ಇಳಿಯುವ ದಿನ ತಮ್ಮ ನಡುಗಲ್ಲನ್ನು ಎತ್ತಿ ಮಗುಚಿ ಹಾಕುತ್ತಾರೆ. ಗುರುತು ಮಣ್ಣಿನ ಕಡೆಗಾಗುತ್ತದೆ. ಅಲ್ಲಿಗೆ ಊರಿನ ನಂಟು ಕಡಿಯಿತು. ಹಾಗೆ ಹನ್ನೊಂದು ಮನೆಯವರು ಮಗುಚಿ ಹೋಗಿದ್ದಾರೆ. ಆರು ಮನೆಯವರು ಮಗುಚದೆ ಹೋಗಿದ್ದಾರೆ. ಅವರು ಎಂದಾದರೂ ಬರಬಹುದು. ಬರುವ ದಿನ ತಮ್ಮ ಗುರುತನ್ನು ಕೈಯಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಮೇಲೆ ಹತ್ತಬೇಕು. ಅಲ್ಲಿಯ ತನಕ ಅವರ ಪಾವಟಿಗೆಗಳನ್ನು ಉಳಿದವರು ನೋಡಿಕೊಳ್ಳುತ್ತಾರೆ.

ಬೇರೆಯವರ ನಡುಗಲ್ಲನ್ನು ಯಾರೂ ಮಗುಚುವಂತಿಲ್ಲ. ಊರು ಒಂದೇ ಒಂದು ಸಲ ಒಬ್ಬನ ಕಲ್ಲನ್ನು ಮಗುಚಿತ್ತು. ಅವನು ಊರಿನ ಹುಣಸೆ ಮರಗಳನ್ನು ಕದ್ದು ಕಡಿಸಿದ್ದ. ಅದು ನನ್ನ ಅಜ್ಜನ ಕಾಲದ ಮಾತು. ಆ ಮನೆಯವರು ಇಂದಿಗೂ ಬೇವಿನ ಮರದ ಹತ್ತಿರ ಹಾದು ಹೋಗುವಾಗ ಗುಡ್ಡದ ಕಡೆ ತಲೆ ಎತ್ತುವುದಿಲ್ಲ.

ನನ್ನ ಅಬ್ಬಾ ಅಬ್ದುಲ್ ಮಜೀದ. ನಮ್ಮ ಮನೆತನದವರು ಭಂಕೂರದ ಖಣಿಗಳ ಕಡೆಯಿಂದ ಬಂದವರು. ಈ ಪಾವಟಿಗೆಗಳ ಫರ್ಸಿ ಕಲ್ಲನ್ನು ಅಲ್ಲಿಂದ ಬಂಡಿಯ ಮೇಲೆ ತಂದವನು ನನ್ನ ಮುತ್ತಜ್ಜ. ಯಾರ ಪಾಲಿನ ಕಲ್ಲು ಸಡಿಲವಾದರೂ ಅವರು ನಮ್ಮ ಮನೆಗೇ ಹೇಳಿ ಕಳಿಸುತ್ತಿದ್ದರು. ಅಬ್ಬಾ ಕಲ್ಲನ್ನು ತಟ್ಟಿ ಕೇಳುತ್ತಿದ್ದ, ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ, ಆಮೇಲೆಯೇ ಉಳಿ ಇಡುತ್ತಿದ್ದ. ನಾಲ್ಕು ವರ್ಷದ ಹಿಂದೆ ಅವನ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಕಪ್ಪಿನಲ್ಲಿ ಕಂಡಿತು, ಆಮೇಲೆ ಉಳಿಯಲ್ಲಿ. ಈಗ ಕಣ್ಣಿಗೂ ಪೊರೆ ಬಂದಿದೆ.

ನಾನು ಅವನ ಒಬ್ಬಳೇ ಮಗಳು, ಫಿರ್ದೋಸ್. ಏಳನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟೆ. ಮಾತು ನನಗೆ ಮೊದಲಿಂದಲೂ ಕಡಿಮೆ. ನಾಲ್ಕು ಮಂದಿ ಎದುರಿಗೆ ನಿಂತರೆ ಗಂಟಲು ಕಟ್ಟುತ್ತದೆ. ಆದರೆ ನೋಡುತ್ತೇನೆ. ಅಬ್ಬಾ ಕೆಲಸ ಮಾಡುವಾಗ ನೀರಿನ ತಂಬಿಗೆ ಹಿಡಿದುಕೊಂಡು ಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದೆ. ಅವನ ಕೈ ಸೋತ ಮೇಲೆ ಒಂದು ದಿನ ನೆಲದ ಮೇಲಿದ್ದ ಸುತ್ತಿಗೆಯನ್ನು ನಾನು ಎತ್ತಿಕೊಂಡೆ. ಅವನು ಉಳಿಯನ್ನೂ ನನ್ನ ಕಡೆ ಸರಿಸಿದ.

ಅಂದಿನಿಂದ ಪಾವಟಿಗೆಯ ಕೆಲಸ ನನ್ನದು, ಹೆಸರು ಅಬ್ಬಾನದು. ನಸುಕಿನಲ್ಲಿ ಹುಲ್ಲಿನ ಬುಟ್ಟಿಯೊಳಗೆ ಸುತ್ತಿಗೆ, ಉಳಿ ಇಟ್ಟು ಮೇಲೆ ಓಢಣಿ ಮುಚ್ಚಿ ಇಳಿಯುತ್ತಿದ್ದೆ. ಕಲ್ಲು ಮೀಟುವ ಕಬ್ಬಿಣದ ಹಾರಿಯನ್ನು ಮುತ್ತಲ ಪೊದೆಯಲ್ಲಿ ಬಚ್ಚಿಟ್ಟಿರುತ್ತಿದ್ದೆ. ಬಿಸಿಲು ಏರುವ ಮೊದಲು ಮನೆ ಸೇರುತ್ತಿದ್ದೆ. ಅಮ್ಮಿ ನನ್ನ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ, "ಕಲ್ಲು ಒಡಿಯೋ ಹುಡುಗೀನ ಯಾರ್ ಮಾಡ್ಕೋತಾರ? ನೋಡು, ಗೌಂಡಿ ಕೈ ಆಗ್ಯಾವ," ಅನ್ನುತ್ತಿದ್ದಳು. ಅಬ್ಬಾ ಆ ಮಾತಿಗೆ ಮುಖ ತಿರುಗಿಸಿ ಕೂರುತ್ತಿದ್ದ. ತನ್ನ ಕೈ ಹೋಯಿತು ಎಂದು ಊರಿಗೆ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ನನಗೂ ಹೇಳಿಕೊಳ್ಳುವ ಆಸೆ ಇರಲಿಲ್ಲ. ಮಂದಿ ನಾನು ಕೂಡಿಸಿದ ಕಲ್ಲಿನ ಮೇಲೆ ಕಾಲಿಟ್ಟು, ಕೆಳಗೆ ನೋಡದೆ, ಮಾತಾಡುತ್ತ ಹತ್ತಿ ಹೋಗುವುದನ್ನು ಕಂಡರೆ ಸಾಕಾಗುತ್ತಿತ್ತು. ಗಟ್ಟಿ ಪಾವಟಿಗೆಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಈ ವರ್ಷ ಆಷಾಢದಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಮ್ಮ ಗುಡ್ಡದ ಕೆಂಪು ಮಣ್ಣು ನೀರು ಕುಡಿದರೆ ಸಾಬೂನಿನಂತೆ ಜಾರುತ್ತದೆ. ದಾರಿಯ ನಡುವೆ, ಗುರುಲಿಂಗಯ್ಯ ಕಾಕಾನ ಪಾಲಿನಲ್ಲಿ, ಮೂರು ಕಲ್ಲುಗಳು ಕೆಳಗೆ ಜಾರಿ ಒಂದರ ಮೇಲೊಂದು ಬಿದ್ದವು. ಮೂರರಲ್ಲಿ ಒಂದು ಅವನ ನಡುಗಲ್ಲು.

ಮರುದಿನ ನಸುಕಿನಲ್ಲಿ ಒಬ್ಬಳೇ ಇಳಿದೆ. ಮಂಜು ಕವಿದಿತ್ತು. ಕೆಸರು ಬಾಚಿ ತೆಗೆದು, ಗರಸು, ಅಂದರೆ ಕೆಂಪು ಜಲ್ಲಿಮಣ್ಣು, ಸುರಿದು, ಬಡಿದು ತಳ ಮಾಡಿದೆ. ಆಮೇಲೆ ಮೂರೂ ಕಲ್ಲುಗಳನ್ನು ಹಾರಿಯಿಂದ ಆ ಕಡೆ ಈ ಕಡೆ ಹೊರಳಿಸಿ, ಬಿಲ್ಪತ್ರಿಯ ಗುರುತು ಎಲ್ಲಿದೆ ಎಂದು ಹುಡುಕಿದೆ. ಕಾಣಲಿಲ್ಲ. ಇಷ್ಟು ವರ್ಷ ಮಂದಿ ತುಳಿದ ಕಲ್ಲು, ಸವೆದು ಹೋಗಿರಬೇಕು ಅಂದುಕೊಂಡೆ. ಬಿದ್ದಿದ್ದ ಕ್ರಮದಲ್ಲೇ, ಮೂರರದೂ ಸಪಾಟಾದ ಮುಖ ಮೇಲೆ ಬರುವಂತೆ ಕೂಡಿಸಿದೆ. ಮೇಲೆ ನಿಂತು ಕುಣಿದು ನೋಡಿದೆ. ಒಂದೂ ಅಲುಗಾಡಲಿಲ್ಲ.

"ಬರೋಬರ್ ಕುಂತಾವ, ಅಬ್ಬಾ," ಎಂದು ಮನೆಗೆ ಬಂದು ಹೇಳಿದೆ.

"ಗುರುತು ನೋಡಿದಿ?"

"ನೋಡೀನಿ."

ನೋಡಿದ್ದು ಸುಳ್ಳಲ್ಲ. ಕಾಣಲಿಲ್ಲ ಎಂದು ಮಾತ್ರ ಹೇಳಲಿಲ್ಲ. ಅಬ್ಬಾನನ್ನು ಕೇಳದೆ ಮೂರು ಕಲ್ಲು ಒಬ್ಬಳೇ ಕೂಡಿಸಿದ್ದೆ. ಆ ಗರ್ವ ಬಾಯಿ ಮುಚ್ಚಿಸಿತು. ಅವನಿಗೂ ಅಷ್ಟು ದೂರ ಇಳಿದು ನೋಡುವ ತ್ರಾಣ ಇರಲಿಲ್ಲ.

ನವರಾತ್ರಿ ಮುಗಿದ ಮೇಲೆ ಗುರುಲಿಂಗಯ್ಯ ಕಾಕಾನ ಫೋನ್ ಬಂತು. ಅವನು ಅಬ್ಬಾನ ಜೊತೆ ಬೆಳೆದವನು. ಹತ್ತೊಂಬತ್ತು ವರ್ಷದ ಹಿಂದೆ ಕೋಡ್ಲಾದ ಫ್ಯಾಕ್ಟರಿಯ ಕೆಲಸಕ್ಕೆ ಇಳಿದು ಹೋಗಿದ್ದ. ಹೋಗುವಾಗ ಕಲ್ಲು ಮಗುಚಿರಲಿಲ್ಲ. ನಮ್ಮಲ್ಲಿ ಹುಣಸೆ ಮರದ ಕೆಳಗೆ ಮಾತ್ರ ಫೋನ್ ಸರಿಯಾಗಿ ಕೇಳುತ್ತದೆ. ಅಬ್ಬಾನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಫೋನನ್ನು ನಾನು ಹಿಡಿದು ನಿಂತೆ.

"ಮಜೀದ, ನಂದು ಡ್ಯೂಟಿ ಮುಗೀತು. ಈಕಿ ದಿನಾ ಗುಡ್ಡ, ಗುಡ್ಡ ಅನ್ಲಿಕತ್ತಾಳ. ಮ್ಯಾಲ ಬರ್ತೀವಿ," ಅಂದ ಕಾಕಾ.

"ಬಾ. ಎಷ್ಟ ದಿನ ಇರ್ತೀ?"

"ಇರಾಕೇ ಬರ್ಲಿಕತ್ತೀನಿ ಮಾರಾಯ. ಮನಿ ನಿಂತದೋ ಬಿದ್ದದೋ?"

"ನಿನಗಿಂತ ಗಟ್ಟಿ ನಿಂತದ."

ಕಾಕಾ ನಕ್ಕ. ಆಮೇಲೆ ದನಿ ಇಳಿಸಿ ಕೇಳಿದ. "ನನ್ನ ಕಲ್ಲು?"

"ನಿನ್ನ ಕಲ್ಲಿಗಿ ನಾ ಇದ್ದೀನಲ್ಲ. ಬಂದು ಮುಟ್ಟಿ ನೋಡು."

ಆ ಮಾತು ಹೇಳುವಾಗ ಅಬ್ಬಾನ ಕೈ ನಡುಗಲಿಲ್ಲ. ನಾನು ಕೆಳಗಿನ ದಾರಿಯ ಕಡೆ ಮುಖ ತಿರುಗಿಸಿದೆ.

ಹೋದವರಲ್ಲಿ ಯಾರೂ ಇಲ್ಲಿಯವರೆಗೆ ತಿರುಗಿ ಬಂದಿರಲಿಲ್ಲ. ಊರೆಲ್ಲ ಹಿಗ್ಗಿತು. ದೇವೀಂದ್ರಪ್ಪ ಮುತ್ಯಾ ಮನೆಮನೆಗೆ ಹೋಗಿ, "ಒಂಬತ್ತ ಮನಿ ಅಂತ ಹೇಳಾಕ ನಾಚಿಕಿ ಬರ್ತಿತ್ತು. ಇನ್ನ ಹತ್ತು ಅನ್ರಿ," ಅಂದ. ಹೆಂಗಸರು ಕಾಕಾನ ಮನೆಯ ಬೀಗ ತೆಗೆದು, ಜೇಡರ ಬಲೆ ತೆಗೆದು, ನೆಲ ಸಾರಿಸಿದರು. ಅಮ್ಮಿ ಒಲೆಗೆ ಹೊಸ ಮಣ್ಣು ಮೆತ್ತಿದಳು. ನನಗೆ ಮಾತ್ರ ಆ ಮೂರು ಕಲ್ಲುಗಳದೇ ನೆನಪು. ಎರಡು ಸಲ ಇಳಿದು ನೋಡಿ ಬಂದೆ. ಚೆಂದವಾಗಿ ಕೂತಿದ್ದವು. ಸವೆದು ಹೋದ ಗುರುತಿಗೆ ನಾನೇನು ಮಾಡಲಿ ಎಂದು ಸಮಾಧಾನ ಮಾಡಿಕೊಂಡೆ.

ಸೋಮವಾರ ಹತ್ತು ಗಂಟೆಗೆ ಅವರು ಬಂದರು. ಬರುವವರಿಗೆ ಅರ್ಧ ದಾರಿಯಲ್ಲಿ ನೀರು ಕೊಡಬೇಕು. ಅಮ್ಮಿ ನನ್ನ ಕೈಗೆ ತಂಬಿಗೆ ಕೊಟ್ಟು ಇಳಿಸಿದಳು. ಕಾಕಾನ ಪಾಲಿನ ಪಾವಟಿಗೆಗಳ ಸ್ವಲ್ಪ ಮೇಲೆ ನಿಂತೆ. ಕೆಳಗಿನ ತಿರುವಿನಿಂದ ಮಾತು ಕೇಳಿಸಿತು.

"ನೋಡ್ದಿ ಇಲ್ಲ, ನೂರರ ಮ್ಯಾಲ ಹತ್ತೀವಿ, ಒಂದು ಕಲ್ಲರ ಅಲುಗಾಡ್ತೇನು? ಮಜೀದನ ಕೈ ಅಂದ್ರ ಕೈ."

"ಮಜೀದಣ್ಣನ ಕೈ ಹೊಗಳೋದು ಆತು. ಜರಾ ನನ್ನ ಮೊಣಕಾಲನೂ ಹೊಗಳ್ರಿ, ಅವೂ ಹತ್ಯಾವ," ಅಂದಳು ಅವನ ಹೆಂಡತಿ ಗುರುಲಿಂಗಮ್ಮ ಕಾಕಿ.

ಕಾಕಾ ತಿರುವು ದಾಟಿ ಕಾಣಿಸಿಕೊಂಡ. ತಲೆ ಬೆಳ್ಳಗಾಗಿತ್ತು, ಹೆಗಲು ಅಗಲವಾಗಿಯೇ ಇತ್ತು. ಹಿಂದೆ ಕಾಕಿ, ಅವಳ ಹಿಂದೆ ಸಾಮಾನು ಹೊತ್ತ ಧರ್ಮಣ್ಣ, ದೇವೀಂದ್ರಪ್ಪ ಮುತ್ಯಾನ ಮಗ. ಕಾಕಾ ತನ್ನ ಮೊದಲ ಪಾವಟಿಗೆಯಿಂದ ಬಾಯಿಬಿಟ್ಟು ಎಣಿಸುತ್ತ ಹತ್ತಿದ. ಐದು ಮುಗಿದ ಮೇಲೆ ನಿಂತು, ಚಪ್ಪಲಿ ಬಿಟ್ಟು, ಬಗ್ಗಿ ಆರನೆಯದರ ಎಡಮೂಲೆಗೆ ಕೈ ಇಟ್ಟ.

ಹೆಬ್ಬೆರಳು ಒಮ್ಮೆ ಹೋಯಿತು. ಮತ್ತೊಮ್ಮೆ ಹೋಯಿತು. ಅವನು ಬಲಮೂಲೆ ಮುಟ್ಟಿದ, ಹಿಂದಿನ ಕಲ್ಲು ಮುಟ್ಟಿದ, ಮುಂದಿನದನ್ನು ಮುಟ್ಟಿದ. ಆಮೇಲೆ ಅಲ್ಲೇ ಕೂತುಬಿಟ್ಟ.

"ಯಾಕ್ರಿ, ದಮ್ಮ ಹತ್ತೇನು?" ಅಂದಳು ಕಾಕಿ.

"ನನ್ನ ಕಲ್ಲು ಮಗುಚ್ಯಾರ."

"ಛೇ, ಬರೋಬರ್ ನೋಡ್ರಿ."

"ನೋಡೋದೇನದ. ಎಲಿ ಇಲ್ಲ. ಕಲ್ಲ ಹೊಸದಾಗಿ ಕುಂತದ, ಸಂದಿನ ಗರಸು ಇನ್ನ ಕೆಂಪದ. ಬೇಕಂತ ತೆಗದು ಮಗುಚ್ಯಾರ."

ನಾನು ತಂಬಿಗೆ ಹಿಡಿದುಕೊಂಡು ನಿಂತೇ ಇದ್ದೆ. ನೀರು ಕುಡೀರಿ ಅನ್ನಬೇಕು, ತಪ್ಪು ನನ್ನದು ಅನ್ನಬೇಕು. ಒಂದೂ ಬರಲಿಲ್ಲ. ಕಾಕಾ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಕುಡಿಯದೆ, ಪಕ್ಕದಲ್ಲಿಟ್ಟ.

"ಮಜೀದನ ಮಗಳಲ್ಲೇನು ನೀ? ಹೋಗಿ ಹೇಳು ನಿಮ್ಮಪ್ಪಗ. ಮಗುಚಿದ ಕಲ್ಲು ದಾಟಿ ಗುರುಲಿಂಗಯ್ಯ ಬರಾಂಗಿಲ್ಲ."

"ಹಂಗಾರ ಇಲ್ಲೇ ಒಲಿ ಹೂಡ್ಲೇನು? ಅಲ್ಲಿ ಮನಿ ಬಿಟ್ಟು ಬಂದೀರಿ. ಇಲ್ಲಿ ಮ್ಯಾಲ ಬರಾಂಗಿಲ್ಲ ಅಂತೀರಿ," ಎಂದು ಕಾಕಿ ಗಂಟಿನ ಮೇಲೆ ಕೂತಳು.

ನಾನು ಹೋಗುವ ಮೊದಲೇ ಧರ್ಮಣ್ಣ ಸಾಮಾನು ಇಳಿಸಿ ಮೇಲೆ ಓಡಿದ್ದ. ಸ್ವಲ್ಪ ಹೊತ್ತಿಗೆ ನಡೆಯಬಲ್ಲವರೆಲ್ಲ ಇಳಿದು ಬಂದರು. ಎಲ್ಲರಿಗಿಂತ ಹಿಂದೆ ಅಬ್ಬಾ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಅಮ್ಮಿಯ ಹೆಗಲ ಮೇಲೆ. ಹತ್ತೊಂಬತ್ತು ವರ್ಷದ ಮೇಲೆ ಅಬ್ಬಾ, ಕಾಕಾ ಒಬ್ಬರನ್ನೊಬ್ಬರು ನೋಡಿದ್ದು ಹಾಗೆ.

"ಏನ ಅಯ್ಯಾ, ಅರ್ಧಕ್ಕ ಕುಂತೀದಿ?" ಎಂದು ದೇವೀಂದ್ರಪ್ಪ ಮುತ್ಯಾ ನಗಿಸಲು ನೋಡಿದ. "ಫ್ಯಾಕ್ಟರಿ ಅನ್ನ ಉಂಡು ಮೈ ಭಾರ ಆಗ್ಯಾದೇನು?"

ಕಾಕಾ ನಗಲಿಲ್ಲ. ಕಲ್ಲನ್ನು ತೋರಿಸಿದ. "ನಾ ಯಾವ ಹುಣಸಿಗಿಡ ಕಡದೀನಂತ ಇದನ್ನ ಮಗುಚೀರಿ? ಹೇಳ್ರಿ."

ಅಬ್ಬಾ ಕೋಲನ್ನು ಅಮ್ಮಿಗೆ ಕೊಟ್ಟು, ಕೂತು, ಆರನೆಯ ಕಲ್ಲಿನ ಮೂಲೆ ಸವರಿದ. ಒಂದು ಕ್ಷಣ ನನ್ನ ಕಡೆ ತಿರುಗಿದ. ಆ ಮಂಜುಗಣ್ಣಿಗೆ ನಾನು ಎಷ್ಟು ಕಂಡೆನೋ ತಿಳಿಯದು. ಆಮೇಲೆ ಕಾಕಾನ ಕಡೆ ತಿರುಗಿದ.

"ನಾ ಹಾಕಿದ್ದು," ಅಂದ. "ಮಳಿಗಾಲದಾಗ ಜಾರಿತ್ತು. ನನ್ನ ಕಣ್ಣು ಮಂದ ಆಗ್ಯಾವ ಗುರುಲಿಂಗಯ್ಯಾ. ಗುರುತು ಕಾಣಲಿಲ್ಲ. ತಪ್ಪಾಗ್ಯಾದ."

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಕಾಕಾನ ದನಿ ಇನ್ನೂ ತಣ್ಣಗಾಯಿತು.

"ನೀ ಕಣ್ಣಿಂದ ಗುರುತು ನೋಡಾವನೇ ಅಲ್ಲ. ನಾ ಸಣ್ಣಾಂವ ಇದ್ದಾಗಿಂದ ನೋಡೀನಿ, ನೀ ಹೆಬ್ಬೆರಳಿಂದ ನೋಡ್ತೀದಿ. ಕಣ್ಣ ಕಟ್ಟಿ ಬಿಟ್ರೂ ಯಾರ ಕಲ್ಲು ಅಂತ ಹೇಳ್ತಿದ್ದಿ. ಈ ತಪ್ಪು ನಿನ್ನ ಕೈಲಿಂದ ಆಗಾಂಗಿಲ್ಲ. ನೀ ಹಾಕಿದ್ದು ಖರೆ ಆದ್ರ, ಬೇಕಂತ ಹಾಕೀದಿ. ಫೋನಿನ್ಯಾಗ ಬಾ ಅಂದು, ಇಲ್ಲಿ ಮಗುಚಿ ಇಟ್ಟೀದಿ."

"ಗುರುಲಿಂಗಯ್ಯಾ."

"ಮೂರಕ್ಕ ಟಂಟಂ ಮತ್ತ ಬರ್ತದಲ್ಲ? ಧರ್ಮಣ್ಣಾ, ಸಾಮಾನು ಹೊರು ಬಾ. ಏಳಬೇ, ಹೋಗಮು."

ಕಾಕಿ ಏಳಲಿಲ್ಲ. ಧರ್ಮಣ್ಣ ಅಪ್ಪನ ಮುಖ ನೋಡಿದ. ದೇವೀಂದ್ರಪ್ಪ ಮುತ್ಯಾ ಅಬ್ಬಾನ ಮುಖ ನೋಡಿದ. ನಾನೂ ನೋಡಿದೆ. ಅಬ್ಬಾ ನನ್ನ ಸಲುವಾಗಿ ತಪ್ಪು ತಲೆಯ ಮೇಲೆ ತೆಗೆದುಕೊಂಡಿದ್ದ. ಅದೇ ಈಗ ಅವನನ್ನು ಮೋಸಗಾರನನ್ನಾಗಿ ಮಾಡಿತ್ತು. ಆ ಕಲ್ಲು ಬೇರೆ ಕೈ ಹಾಕಿದ್ದು ಎಂದು ತಿಳಿದರೆ ಮಾತ್ರ ಅವನ ಮಾತು ಉಳಿಯುತ್ತಿತ್ತು. ಆ ಕೈ ಮಾತ್ರ ಸುಮ್ಮನೆ ಓಢಣಿಯ ಅಂಚು ಹಿಂಡುತ್ತ ನಿಂತಿತ್ತು.

"ನಾ ಹಾಕೀನ್ರಿ ಕಾಕಾ," ಅಂದೆ.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಕಾಕಿಗೆ ಮಾತ್ರ ಕೇಳಿಸಿತು. "ಏನಂದಿ ಯವ್ವಾ?" ಅಂದಳು.

"ಅಬ್ಬಾ ಅಲ್ರಿ. ನಾ ಹಾಕೀನಿ. ಅಬ್ಬಾಗ ಗೊತ್ತಿಲ್ಲ."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಛಲೋ ಆತು. ಈಗ ಹುಡುಗಿ ಮ್ಯಾಲ ಹಾಕ್ಲಿಕತ್ತೀರಿ. ಇಂಥ ಕಲ್ಲು ಎತ್ತಾಕ ಇಬ್ಬರು ಗಂಡಸರು ಬೇಕು. ಈಕಿ ಎತ್ತತಾಳಂತ."

ಮತ್ತೆ ಮಾತಾಡುವುದು ನನ್ನಿಂದ ಆಗುತ್ತಿರಲಿಲ್ಲ. ಮುತ್ತಲ ಪೊದೆಗೆ ಹೋಗಿ ಹಾರಿ ತಂದೆ. ಓಢಣಿಯನ್ನು ಸೊಂಟಕ್ಕೆ ಬಿಗಿದೆ. ಅಮ್ಮಿ "ಫಿರ್ದೋಸ್" ಅಂದಳು. ಅಬ್ಬಾ ಅವಳ ಕೈ ಹಿಡಿದು ಸುಮ್ಮನಿರಿಸಿದ.

ಹಗಲು ಬೆಳಕಿನಲ್ಲಿ, ಮಂದಿಯ ಎದುರಿಗೆ, ನಾನು ಎಂದೂ ಕಲ್ಲು ಎತ್ತಿರಲಿಲ್ಲ. ಮೊದಲು ಸಂದಿನ ಗರಸನ್ನು ಹಾರಿಯ ತುದಿಯಿಂದ ಕೆದರಿ ತೆಗೆದೆ. ಬಲಮೂಲೆಯ ಕೆಳಗೆ ಹಾರಿಯ ತುದಿ ತೂರಿಸಿ, ಅಡಿಗೆ ಒಂದು ಸಣ್ಣ ಕಲ್ಲು ಕೊಟ್ಟು, ಮೈಭಾರ ಬಿಟ್ಟೆ. ಕಲ್ಲು ಬಾಯಿ ಬಿಟ್ಟಿತು. ಕಾಲಿನಿಂದ ಒಂದು ಬೆಣೆ ನೂಕಿದೆ. ಆ ಕಡೆ ಹೋಗಿ ಹಾಗೆಯೇ ಮಾಡಿದೆ. ಶಕ್ತಿಯ ಕೆಲಸ ಸ್ವಲ್ಪ, ಉಳಿದದ್ದು ಯಾವ ಮೂಲೆ ಮೊದಲು ಎಂದು ತಿಳಿಯುವುದು. ನಾಲ್ಕನೇ ಸಲಕ್ಕೆ ಕಲ್ಲು ಅಂಚಿನ ಮೇಲೆ ಎದ್ದು ನಿಂತಿತು. ಅದರ ಬೆನ್ನಿಗೆ ಹೆಗಲು ಕೊಟ್ಟು, ಸದ್ದಿಲ್ಲದೆ ಮಗ್ಗುಲಿಗೆ ಮಲಗಿಸಿದೆ.

ಮಣ್ಣು ಹತ್ತಿದ ಮುಖ ಮೇಲೆ ಬಂತು. ಕಾಕಾ ಬಿಟ್ಟಿದ್ದ ತಂಬಿಗೆಯ ನೀರನ್ನು ಅದರ ಮೇಲೆ ಸುರಿದೆ. ಕಣ್ಣಿಟ್ಟು ನೋಡಿದೆ. ಈ ಬಿಸಿಲಿನಲ್ಲೂ ಏನೂ ಕಾಣಲಿಲ್ಲ.

"ಕಣ್ಣ ಮುಚ್ಚು," ಅಂದ ಅಬ್ಬಾ. ಅವನು ನನ್ನ ಪಕ್ಕಕ್ಕೆ ಬಂದು ಕೂತಿದ್ದ. "ಹೆಬ್ಬೆರಳ ಅಡ್ಡ ಇಡು. ಒತ್ತಬ್ಯಾಡ. ಮೆಲ್ಲಗ ಎಳಿ. ಇನ್ನ ಮೆಲ್ಲಗ."

ಮೊದಲು ಬರೀ ಕಲ್ಲು. ಆಮೇಲೆ ಒಂದು ತಗ್ಗು, ಕೂದಲೆಳೆಯಷ್ಟು. ಅದು ಬಾಗಿ ಮೇಲೆ ಹೋಗಿ ಚೂಪಾಯಿತು. ಪಕ್ಕದಲ್ಲಿ ಇನ್ನೊಂದು. ನಡುವೆ ಮೂರನೆಯದು, ಉಳಿದೆರಡಕ್ಕಿಂತ ಉದ್ದ. ಇಷ್ಟು ವರ್ಷ ಅಬ್ಬಾನ ಕೈಯನ್ನು ನೋಡುತ್ತ ಕೂತಿದ್ದೆ. ಅವನ ಬೆರಳಿಗೆ ಏನು ತಿಳಿಯುತ್ತಿತ್ತೋ ಅದನ್ನು ನೋಡುವುದಕ್ಕೆ ಆಗುತ್ತಿರಲಿಲ್ಲ.

"ಮೂರ ಎಲಿ ಅವ," ಅಂದೆ.

ಕಾಕಾ ನನ್ನ ಕೈ ಸರಿಸಿ ತಾನು ಮುಟ್ಟಿದ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ತೆಗೆದ ಮೇಲೆ ಕಣ್ಣಿಗೆ ಒತ್ತಿಕೊಂಡ.

"ಎಷ್ಟ ವರ್ಷ ಆತು, ನೀ ಈ ಕೆಲಸ ಮಾಡ್ಲಿಕತ್ತು?"

"ನಾಕು."

"ಕೆಳಗಿನವು ಯಾವ್ಯಾವ ನಿನ್ನವು?"

ನಾನು ಹೇಳಲು ಶುರು ಮಾಡಿದೆ. ಬೇವಿನ ಮರದ ಹತ್ತಿರದ ಮೊದಲ ನಾಲ್ಕು. ಹದಿನೇಳು, ಹದಿನೆಂಟು. ನಲವತ್ತರಿಂದ ನಲವತ್ತೊಂಬತ್ತು ಪೂರ್ತಿ. ತಿರುವಿನ ಮೇಲಿನ ದೊಡ್ಡ ಕಲ್ಲು. ಹೇಳುತ್ತ ಹೋದಂತೆ ಗಂಟಲು ತಾನೇ ಬಿಚ್ಚಿಕೊಂಡಿತು. ಎಂಬತ್ತನಾಲ್ಕು ಕಲ್ಲುಗಳು, ಒಂದೊಂದೂ ನನಗೆ ನೆನಪಿದ್ದವು. ಯಾವುದರ ತಳಕ್ಕೆ ಎಷ್ಟು ಗರಸು ಹಿಡಿಸಿತು, ಯಾವುದು ಮೂರು ದಿನ ಸತಾಯಿಸಿತು ಎಂದೂ ಹೇಳಿದೆ.

ಕಾಕಾ ಕೆಳಗಿನ ದಾರಿಯನ್ನು ನೋಡುತ್ತ ಕೂತಿದ್ದ. "ಕೆಳಗಿಂದ ಹೊಗಳಕೋತ ಬಂದೀನಿ," ಅಂದ. "ಮಜೀದನ ಕೈ, ಮಜೀದನ ಕೈ ಅಂತ."

"ಮತ್ತೊಮ್ಮೆ ಹೊಗಳ್ರಿ, ಈ ಸಲ ಬರೋಬರ್ ಹೆಸರು ಹಿಡದು," ಅಂದಳು ಕಾಕಿ. "ನಾ ಹೆಂಗೂ ಕುಂತೀನಿ."

ಅಬ್ಬಾ ತನ್ನ ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದ. ಅವು ನಡುಗುತ್ತಿದ್ದವು. ಮನೆಯೊಳಗೆ ಮಾತ್ರ ನಾನು ಕಂಡಿದ್ದ ಆ ಕೈಗಳನ್ನು ಅವನು ಬಿಸಿಲಿಗೆ ಹಿಡಿದು ತೋರಿಸಿದ.

"ನನ್ನ ಕೈ ಹಿಂಗ ಆಗ್ಯಾವ," ಅಂದ. "ನಾಕ ವರ್ಷದಿಂದ ಈ ದಾರಿ ಫಿರ್ದೋಸ್ ಕಾಯ್ದಾಳ. ಒಂದು ಕಲ್ಲು ತಪ್ಪ್ಯಾಳ, ಎಂಬತ್ತಮೂರು ತಪ್ಪಿಲ್ಲ. ಆಕಿ ವಯಸ್ಸಿನ್ಯಾಗ ನಾ ಹತ್ತು ತಪ್ಪಿದ್ದೆ. ನನಗ ಹೇಳಾಕ ಶರಮ್ ಆಗಿತ್ತು. ಆಕೀದು ಏನೂ ತಪ್ಪಿಲ್ಲ."

"ನಮಗೇನ ಗೊತ್ತಿಲ್ಲಂತ ಮಾಡಿದ್ದೇನು ಮಜೀದ?" ಅಂದ ದೇವೀಂದ್ರಪ್ಪ ಮುತ್ಯಾ. "ನೀ ಮುಂಜಾನಿ ನನ್ನ ಕಟ್ಟಿ ಮ್ಯಾಲ ಕುಂತು ಚಾ ಕುಡೀತಿರ್ತಿ. ಕೆಳಗ ಟಕ್ ಟಕ್ ಅಂತಿರ್ತದ. ಎರಡು ಮಜೀದ ಅದಾರೇನು ಊರಾಗ?"

ಎಲ್ಲರೂ ನಕ್ಕರು. ಅಬ್ಬಾನೂ ನಕ್ಕ. ಇಪ್ಪತ್ತೆರಡು ಮಂದಿಯ ಊರಿನಲ್ಲಿ ಗುಟ್ಟು ಇಟ್ಟಿದ್ದೇವೆ ಎಂದು ನಾಲ್ಕು ವರ್ಷ ನಂಬಿದವರು ನಾವು ಮೂವರೇ. ಉಳಿದವರು, ಮಜೀದ ತಾನೇ ಹೇಳುವ ತನಕ ನಾವ್ಯಾಕೆ ಹೇಳಬೇಕು ಎಂದು ಸುಮ್ಮನಿದ್ದರು.

ಕಲ್ಲನ್ನು ಗುರುತು ಮೇಲೆ ಬರುವಂತೆ ಕೂಡಿಸಲು ಹೊರಟೆ. ಧರ್ಮಣ್ಣ ಕೈ ಹಚ್ಚಲು ಬಂದ. "ಬ್ಯಾಡ, ಆಕಿ ಕೂಡಿಸ್ಲಿ," ಅಂದ ಕಾಕಾ. ಅದರ ಆ ಮುಖ ಸ್ವಲ್ಪ ಬಾಗಿತ್ತು. ನೀರು ನಿಲ್ಲದಂತೆ ಮುಂದಕ್ಕೆ ಒಂದು ಬೆರಳಿನಷ್ಟು ಇಳಿಜಾರು ಕೊಟ್ಟು ಕೂಡಿಸಿದೆ. ಕಾಕಾ ಅದರ ಮೇಲೆ ಎರಡೂ ಕಾಲಿಟ್ಟು ನಿಂತು, ಮೈ ಅತ್ತಿತ್ತ ತೂಗಿ ನೋಡಿದ. ಕಲ್ಲು ಉಸಿರೂ ಬಿಡಲಿಲ್ಲ.

"ಎಲಿ ಭಾಳ ಸವದಾವ," ಅಂದ. "ನಾಳಿಗಿ ಬಂದು ಮತ್ತ ಕಡದು ಕೊಡು."

ನಾನು ಅಬ್ಬಾನ ಕಡೆ ನೋಡಿದೆ. ಗುರುತನ್ನು ಆ ಮನೆಯ ಗಂಡಸೇ ಕಡಿಯಬೇಕು. ಬೇರೆಯವರು ಅದಕ್ಕೆ ಉಳಿ ಮುಟ್ಟಿಸುವಂತಿಲ್ಲ.

"ಅದು ಮನಿಯವರ ಕೆಲಸ ಅಲ್ಲೇನ್ರಿ ಕಾಕಾ," ಅಂದೆ.

"ಉಳಿ ನಾ ಹಿಡೀತೀನಿ. ಸುತ್ತಿಗಿ ನೀ ಹೊಡಿ. ಇಬ್ಬರದೂ ಆಗ್ತದ. ನನ್ನ ಬೆರಳ ಮ್ಯಾಲ ಮಾತ್ರ ಹೊಡೀಬ್ಯಾಡ."

ಆ ಮಧ್ಯಾಹ್ನ ಕಾಕಾನ ಮನೆಯಿಂದ ಹೊಗೆ ಎದ್ದಿತು. ಮೂರಕ್ಕೆ ಬಂದ ಟಂಟಂ ಖಾಲಿಯಾಗಿಯೇ ತಿರುಗಿ ಹೋಯಿತು. ದೇವೀಂದ್ರಪ್ಪ ಮುತ್ಯಾ ಬಂಡೆಯ ಮೇಲೆ ನಿಂತು ಹೊಗೆ ಏಳುವ ಮನೆಗಳನ್ನು ಬೆರಳು ಮಡಚಿ ಎಣಿಸಿದ. ಹತ್ತು ಆದವು. ಮತ್ತೊಮ್ಮೆ ಎಣಿಸಿದ.

ಮರುದಿನ ಚೆನ್ನಾಗಿ ಬಿಸಿಲು ಏರಿದ ಮೇಲೆ ನಾನು ಹೊರಟೆ. ಹುಲ್ಲಿನ ಬುಟ್ಟಿ ಮೂಲೆಯಲ್ಲೇ ಉಳಿಯಿತು. ಸುತ್ತಿಗೆ ಹೆಗಲ ಮೇಲಿತ್ತು, ಉಳಿ ಕೈಯಲ್ಲಿತ್ತು. ಅಮ್ಮಿ ಬಾಗಿಲಿಗೆ ಬಂದು ನೋಡಿದಳು. ಕೂಗಿ ಒಳಗೆ ಕರೆಯುತ್ತಾಳೆ ಅಂದುಕೊಂಡೆ. "ಓಢಣಿ ಸೊಂಟಕ್ಕ ಬಿಗಿ, ಕಾಲಾಗ ಸಿಗ್ತದ," ಅಂದಳು, ಅಷ್ಟೇ. ದಾರಿಯಲ್ಲಿ ನಜಮುನ್ನೀಸಾ ಖಾಲಾ ಕೊಡ ಕೆಳಗಿಟ್ಟು, ತಮ್ಮ ಪಾಲಿನ ಒಂಬತ್ತನೆಯ ಕಲ್ಲು ನೀರು ಹಿಡಿಯುತ್ತಿದೆ, ಯಾವಾಗ ಬರುತ್ತೀ ಎಂದು ಕೇಳಿದಳು. ಗುರುವಾರ ಅಂದೆ. ಹಾಗೆ ನನ್ನನ್ನು ಮೊದಲು ಯಾರೂ ಕೇಳಿರಲಿಲ್ಲ.

ಕಾಕಾ ಆಗಲೇ ನಡುಗಲ್ಲಿನ ಹತ್ತಿರ ಕೂತಿದ್ದ. ಅವನು ಉಳಿ ಹಿಡಿದ, ನಾನು ಹೊಡೆದೆ. ಮೊದಲನೆಯ ಎಲೆ ಮುಗಿಯುವ ಹೊತ್ತಿಗೆ ಮೇಲಿನಿಂದ, ಗುಡ್ಡದ ತುದಿಯ ಬಂಡೆಯಿಂದ, ಅಬ್ಬಾನ ಕೂಗು ಇಳಿದು ಬಂತು.

"ಗುರುಲಿಂಗಯ್ಯಾ, ಉಳಿ ಓರೆ ಹಿಡದೀದಿ. ಸಪ್ಪಳ ಕೇಳಿದ್ರ ಗೊತ್ತಾಗ್ತದ. ನನ್ನ ಮಗಳ ಕೆಲಸ ಕೆಡಸಬ್ಯಾಡ."

ಕಾಕಾ ಉಳಿಯನ್ನು ನೆಟ್ಟಗೆ ಮಾಡಿದ. ನಾನು ಸುತ್ತಿಗೆ ಎತ್ತಿದೆ.